ಕೌಟುಂಬಿಕ ವಿಷಯಕ್ಕೆ ಆರನ್ನು ಒತ್ತಿ

ಇಳಕಲ್ಲಿನ ಜಾಫರಸಾಬರ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಫೋನು ಎತ್ತುವ ಕೆಲಸ ಸಂಗಯ್ಯನವರದು. ಬಿಲ್ಲು ಬರೆಯುವುದು, ಲಾರಿಯವರ ಜೊತೆ ಜಗಳಾಡುವುದು, ಕರೆಂಟು ಹೋದಾಗ ಎಲ್ಲರಿಗೂ ತಿಳಿಸುವುದು ಇವೂ ಅವರ ಪಾಲಿಗೇ ಬಂದಿದ್ದವು. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಮನಸ್ಸಿಟ್ಟು ಮಾಡಿದ್ದು ಫೋನಿನ ಕೆಲಸ ಒಂದನ್ನೇ. ಹೊರಗೆ ನಾಲ್ಕು ಯಂತ್ರಗಳು ಒಟ್ಟಿಗೇ ಕಲ್ಲು ತಿಕ್ಕುವಾಗ ಮೆಲ್ಲಗೆ ಹಲೋ ಅಂದರೆ ಕೇಳುವವರಾರು? ಅದಕ್ಕೆ ಸಂಗಯ್ಯನವರು ಫೋನೆತ್ತಿದವರೇ "ಹಾಂ! ಯಾರು!" ಎಂದು ಗುಡುಗುತ್ತಿದ್ದರು. ಎದೆಗಟ್ಟಿಯಿದ್ದ ಗಿರಾಕಿ ಮಾತು ಮುಂದುವರಿಸುತ್ತಿದ್ದ. ಉಳಿದವರು ನೇರವಾಗಿ ಕಾರ್ಖಾನೆಗೇ ಬರುತ್ತಿದ್ದರು.

ಮಗಳು ನೇತ್ರಾಳಿಗೆ ವರ ನೋಡಲು ಶುರು ಮಾಡಿದಾಗ ಸಂಗಯ್ಯನವರು ಬಸ್‌ಸ್ಟ್ಯಾಂಡಿನ ಹತ್ತಿರದ ಪ್ರೆಸ್ಸಿನಲ್ಲಿ ನೂರು ವಿಸಿಟಿಂಗ್ ಕಾರ್ಡು ಹೊಡೆಸಿಕೊಂಡಿದ್ದರು. ಅದರಲ್ಲಿ ಅವರ ಹೆಸರಿನ ಕೆಳಗೆ 'ಆಡಳಿತ ವ್ಯವಸ್ಥಾಪಕರು' ಎಂದಿತ್ತು. ಈ ಹುದ್ದೆಯ ಸುದ್ದಿ ಜಾಫರಸಾಬರಿಗೆ ಇನ್ನೂ ತಲುಪಿರಲಿಲ್ಲ. ಕಾರ್ಡಿನಲ್ಲಿ ಮೊಬೈಲು ನಂಬರು ಹಾಕಿಸಲಿಲ್ಲ. ಮೊಬೈಲು ದನ ಕಾಯುವವನ ಕೈಯಲ್ಲೂ ಇರುತ್ತದೆ, ಆಫೀಸಿನ ನಂಬರು ಅಧಿಕಾರಿಗೆ ಮಾತ್ರ ಇರುತ್ತದೆ ಎಂಬುದು ಅವರ ಲೆಕ್ಕ.

ಹೀಗಿರುವಾಗ ಒಂದು ದಿನ ಜಾಫರಸಾಬರು ಹೈದರಾಬಾದಿನ ದೊಡ್ಡ ಕಂಪನಿಯೊಂದಕ್ಕೆ ಫೋನು ಮಾಡಿದರು. ಅಲ್ಲಿ ಮನುಷ್ಯರು ಎತ್ತಲಿಲ್ಲ. ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂದಿತು. ಸಾಹೇಬರು ಒತ್ತಿದರು. ಆಮೇಲೆ ಹನ್ನೊಂದು ನಿಮಿಷ ವೀಣೆ ಕೇಳಿಸಿತು. ಬೇರೆಯವರಾಗಿದ್ದರೆ ಸಿಟ್ಟಾಗುತ್ತಿದ್ದರು. ಜಾಫರಸಾಬರು ಮಾತ್ರ ಫೋನು ಇಟ್ಟು, ಕಣ್ಣು ಅರ್ಧ ಮುಚ್ಚಿ, "ಅಯ್ನೋರ, ಇಜ್ಜತ್ ಅಂದ್ರ ಇದು ನೋಡ್ರಿ" ಎಂದರು. "ನಾವು ಫೋನ್ ಬಡಿಯೋದಕ್ಕ ಓಡಿ ಹೋಗಿ ಎತ್ತತೇವಿ. ಮಂದಿ ಏನು ತಿಳ್ಕೋತಾರ? ಇವರಿಗೆ ಬ್ಯಾರೆ ಕೆಲಸಿಲ್ಲ ಅಂತ ತಿಳ್ಕೋತಾರ."

ಸಾಹೇಬರ ಮಗಳು ಸಾಜಿಯಾ ಎಂ.ಕಾಂ. ಓದುತ್ತಿದ್ದಳು. ವಾರದೊಳಗೆ ಅವಳು ಎಲ್ಲ ವ್ಯವಸ್ಥೆ ಮಾಡಿದಳು. ಮೇಜಿನ ಮೇಲೆ ಕೆಂಪು ದೀಪದ ಒಂದು ಸಣ್ಣ ಪೆಟ್ಟಿಗೆ ಬಂದು ಕೂತಿತು. ಇನ್ನು ಬೇಕಾಗಿದ್ದುದು ಒಂದು ದನಿ.

"ಕಾಕಾ, ನೀವ ಮಾತಾಡ್ರಿ. ಮನ್ಯಾಗ ಮಾತಾಡಿದಂಗ ಮಾತಾಡಿದ್ರ ಸಾಕು" ಅಂದಳು ಸಾಜಿಯಾ.

ಸಂಗಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಯಂತ್ರದಲ್ಲಿ ಮನೆಯ ಮಾತೇ? ಎರಡು ಹಾಳೆ ಬರೆದರು, ಮೂರು ಸಲ ಗಂಟಲು ಸರಿಮಾಡಿಕೊಂಡರು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತು ಓದಿದರು:

"ನಮಸ್ಕಾರ. ಜಾಫರಸಾಬ ಕಲ್ಲು ಪಾಲಿಶ್ ಸಂಸ್ಥೆಗೆ ತಮಗೆ ಆದರದ ಸ್ವಾಗತ. ಪಾಲಿಶ್ ಆದ ಕಲ್ಲಿಗೆ ಒಂದನ್ನು ಒತ್ತಿ. ಪಾಲಿಶ್ ಆಗದ ಕಲ್ಲಿಗೆ ಎರಡನ್ನು ಒತ್ತಿ. ಮೆಟ್ಟಿಲು ಮತ್ತು ಕಿಟಕಿ ಕಲ್ಲಿಗೆ ಮೂರನ್ನು ಒತ್ತಿ. ಲಾರಿಯ ವಿಚಾರಕ್ಕೆ ನಾಲ್ಕನ್ನು ಒತ್ತಿ. ಮಾಲೀಕರಿಗೆ ಐದನ್ನು ಒತ್ತಿ."

ಇಲ್ಲಿ ಸಂಗಯ್ಯನವರು ಸ್ವಲ್ಪ ತಡೆದರು. ಹಿಂದಿನ ದಿನ ಭಾನುವಾರ ಹುನಗುಂದದಿಂದ ಬೀಗರಾಗುವವರು ಬಂದು ನೇತ್ರಾಳನ್ನು ನೋಡಿ ಹೋಗಿದ್ದರು. ಹುಡುಗ ಸಂತೋಷಕುಮಾರ ಬಾದಾಮಿಯಲ್ಲಿ ಸರ್ವೇಯರು. ಅವನ ತಂದೆ ಮಹಾಂತಯ್ಯನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. "ಬುಧವಾರ ಫೋನ್ ಮಾಡಿ ತಿಳಸ್ತೇವಿ" ಎಂದು ಹೇಳಿ, ಸಂಗಯ್ಯನವರ ಕಾರ್ಡನ್ನು ಎರಡು ಸಲ ಓದಿ ಜೇಬಿಗೆ ಇಟ್ಟುಕೊಂಡಿದ್ದರು. ಅಂಥವರು ಲಾರಿ ನಂಬರನ್ನೋ ಕಿಟಕಿ ನಂಬರನ್ನೋ ಒತ್ತಬೇಕೆಂದರೆ ಚೆಂದವೇ? ಸಂಗಯ್ಯನವರು ಹಾಳೆಯಲ್ಲಿ ಇಲ್ಲದ ಒಂದು ಸಾಲನ್ನು ಸೇರಿಸಿಬಿಟ್ಟರು: "ಆಡಳಿತ ವ್ಯವಸ್ಥಾಪಕ ಸಂಗಯ್ಯನವರ ಕೌಟುಂಬಿಕ ವಿಷಯಕ್ಕೆ ಆರನ್ನು ಒತ್ತಿ."

"ಯಾರು ವ್ಯವಸ್ಥಾಪಕರು?" ಎಂದರು ಜಾಫರಸಾಬರು.

"ನಾನ್ರೀ. ಮಂದಿಗೆ ತಿಳಿಯೋದಕ್ಕ ಒಂದು ಹೆಸರು ಬೇಕಲ್ರಿ."

ಸಾಹೇಬರು ತಲೆದೂಗಿದರು. ಯಾವ ನಂಬರು ಒತ್ತಿದರೂ ಬಡಿಯುವುದು ಸಂಗಯ್ಯನವರ ಮೇಜಿನ ಮೇಲಿನ ಒಂದೇ ಫೋನು. ಒತ್ತಿದವರಿಗೆಲ್ಲ ಕಾಯಿರಿ ಎಂದು ಹೇಳುವುದಕ್ಕೂ ಒಂದೇ ಮಾತು ಸಾಕೆಂದು ಸಾಜಿಯಾ ಹೇಳಿದಳು. ಅದರಲ್ಲಿ ಏನಿರಬೇಕೆಂದು ಸಾಹೇಬರು ತಾವೇ ಹೇಳಿದರು. "ಮಂದಿ ಕಾಯಾಕತ್ತಾರ ಅನಸ್ಬೇಕು. ಐದು ಮಂದಿ ಅನ್ರಿ."

"ಅಬ್ಬಾಜಾನ್, ಐದು ಮಂದಿ ಎಲ್ಲಿ ಅದಾರ? ಸುಳ್ಳ ಆಗತೈತಿ."

"ಸುಳ್ಳಲ್ಲ ಬೇಟಿ, ಇಜ್ಜತ್."

ಸಂಗಯ್ಯನವರು ಓದಿದರು: "ತಮಗಿಂತ ಮೊದಲು ಐವರು ಸರದಿಯಲ್ಲಿದ್ದಾರೆ. ಸರದಿ ಬಂದಾಗ ತಮ್ಮನ್ನು ವಿಚಾರಿಸಲಾಗುವುದು. ತಡವಾದಲ್ಲಿ, ಪೀಂ ಎಂಬ ಸದ್ದಿನ ನಂತರ ತಮ್ಮ ಹೆಸರು, ಊರು, ಬಣ್ಣ ಮತ್ತು ಅಳತೆಯನ್ನು ತಿಳಿಸಿ. ಒಮ್ಮೆ ಒಯ್ದ ಮಾಲನ್ನು ಯಾವುದೇ ಕಾರಣಕ್ಕೂ ವಾಪಸು ಪಡೆಯಲಾಗುವುದಿಲ್ಲ."

"ಅರ್ಧ ನಿಮಿಷ ಯಾರೂ ಎತ್ತಲಿಲ್ಲ ಅಂದ್ರ ಮೆಸೇಜ್ ಬಾಕ್ಸಿನ್ಯಾಗ ಬೀಳತೈತಿ, ಕಾಕಾ. ಆಮ್ಯಾಲೆ ಕೇಳಬಹುದು" ಎಂದು ಹೇಳಿದ ಸಾಜಿಯಾ, ಪರೀಕ್ಷೆ ಇದೆಯೆಂದು ಮಂಗಳವಾರ ಬಾಗಲಕೋಟೆಗೆ ಹೋದಳು. ಶನಿವಾರದ ತನಕ ಅವಳ ಓದಿಗೆ ಯಾರೂ ತೊಂದರೆ ಕೊಡಬಾರದೆಂದು ಸಾಹೇಬರು ಅಪ್ಪಣೆ ಮಾಡಿದರು. ಜೊತೆಗೆ ಇನ್ನೊಂದು ಅಪ್ಪಣೆಯನ್ನೂ ಮಾಡಿದರು. "ಐದು ಮಂದಿ ಅದಾರ ಅಂತ ಹೇಳಿ ಗಪ್ಪನೆ ಎತ್ತಿದ್ರ, ಆ ಐದು ಮಂದಿ ಎಲ್ಲಿ ಹೋದ್ರು ಅಂತಾರ. ನೀವು ಅರವತ್ತು ಎಣಿಸಿ ಎತ್ರಿ."

ಅರ್ಧ ನಿಮಿಷಕ್ಕೆ ಯಂತ್ರ ಕರೆಯನ್ನು ನುಂಗುತ್ತದೆ, ಸಂಗಯ್ಯನವರು ಅರವತ್ತಕ್ಕೆ ಎತ್ತುತ್ತಾರೆ. ಇವೆರಡನ್ನೂ ಕೂಡಿಸಿ ನೋಡುವವರು ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಫೋನು ಬಡಿಯುವುದು, ಸಂಗಯ್ಯನವರು ಕೈಕಟ್ಟಿ ಕೂತು ಎಣಿಸುವುದು, ಮೂವತ್ತಕ್ಕೆ ಫೋನು ನಿಲ್ಲುವುದು. "ಮಂದಿಗೆ ತಾಳ್ಮಿ ಇಲ್ರಿ, ಸಾಹೇಬ್ರ" ಎಂದು ಅವರು ನಿಟ್ಟುಸಿರುಬಿಟ್ಟರು. ಪೆಟ್ಟಿಗೆಯ ಕೆಂಪು ದೀಪ ಮಿಣುಕತೊಡಗಿತು. ಮೆಸೇಜು ಬೀಳುವ ಬಾಕ್ಸು ಇದೇ ಇರಬೇಕೆಂದು ತಿರುವಿ ನೋಡಿದರು. ಮುಚ್ಚಳ ಎಲ್ಲೂ ಸಿಗಲಿಲ್ಲ. ದೂಳು ಕೂರದಿರಲೆಂದು ಅದರ ಮೇಲೆ ಒಂದು ಕರವಸ್ತ್ರ ಹೊದಿಸಿದರು.

ಬುಧವಾರ ಹನ್ನೊಂದು ಇಪ್ಪತ್ತಕ್ಕೆ ಫೋನು ಬಡಿಯಿತು. ಸಂಗಯ್ಯನವರು ಎಣಿಸಿದರು. ನಿಂತಿತು. ಎರಡು ನಿಮಿಷ ಬಿಟ್ಟು ಮತ್ತೆ ಬಡಿಯಿತು. ಎಣಿಸಿದರು. ಆಮೇಲೆ ಇಡೀ ದಿನ ಹುನಗುಂದದ ಫೋನು ಬರಲಿಲ್ಲವಲ್ಲ ಎಂದು ಒಳಗೊಳಗೇ ಕುದಿದರು. ತಾವಾಗಿ ಫೋನು ಮಾಡೋಣವೆಂದರೆ ಹೆಣ್ಣಿನ ಕಡೆಯವರು ಅವಸರ ಮಾಡಿದರು ಅನ್ನಿಸಿಕೊಳ್ಳಬೇಕಾಗುತ್ತದೆ.

ಗುರುವಾರ ಬಂಡೆಪ್ಪ ಬಸ್ಸು ಹತ್ತಿ ಬಂದ. ತುಳಸಿಗೇರಿಯಲ್ಲಿ ಮನೆ ಕಟ್ಟುವ ಗೌಂಡಿ, ಸಂಗಯ್ಯನವರ ಹಳೆಯ ಗೆಳೆಯ. ಬಂದವನೇ ಅವರ ಹಣೆ ಮುಟ್ಟಿ ನೋಡಿದ.

"ಜ್ವರ ಇಲ್ಲಲ್ಲೋ. ಮತ್ತ ಏನಾಗೇತಿ ನಿನಗ? ನಾಕು ಸಲ ಫೋನ್ ಮಾಡಿದೆ. ಆರಾಮ ಅದಿಯೇನಲೇ ಸಂಗಯ್ಯಾ ಅಂದ್ರ ಒಂದನ್ನು ಒತ್ತಿ ಅಂತಿ. ಮನ್ಯಾಗ ಹೆಂಗದಾರ ಅಂದ್ರ ಎರಡನ್ನು ಒತ್ತಿ ಅಂತಿ. ಇಪ್ಪತ್ತು ವರ್ಷದ ಗೆಳೆತನ, ನನಗ 'ತಾವು' ಅಂತಿಯಲ್ಲಾ! ನಾ ಏನು ತಪ್ಪ ಮಾಡೇನಿ ಅದನ್ನಾದ್ರೂ ಹೇಳು."

ಅದು ಯಂತ್ರವೆಂದು ಒಪ್ಪಿಸಲು ಎರಡು ಕಪ್ಪು ಚಹ ಬೇಕಾಯಿತು. ಒಪ್ಪಿದ ಮೇಲೂ ಬಂಡೆಪ್ಪ, "ಯಂತ್ರ ಆದರೇನು, ದನಿ ನಿಂದ ಐತಲ್ಲ. ಒಂದು ಮಾತಿಗೆ ಹೂಂ ಅನ್ನಬೇಕಿತ್ತು" ಎಂದ.

ಅವನನ್ನು ಬಸ್ಸಿಗೆ ಹತ್ತಿಸಿ ಬರುವಾಗ ಲಕ್ಷ್ಮಣನ ಚಹದಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಸಂಗಯ್ಯನವರನ್ನು ಕಂಡು ಎಲ್ಲರೂ ಮಾತು ನಿಲ್ಲಿಸಿದರು. ಲಕ್ಷ್ಮಣ ಮಾತ್ರ ಮೆಲ್ಲಗೆ ಕೇಳಿದ. "ಅಯ್ನೋರ, ಐದು ಮಂದಿ ಪಾಳಿ ಹಚ್ಚಿ ನಿಂತಾರಂತ, ಖರೇನ್ರಿ?"

ಯಂತ್ರದ ಕೀರ್ತಿ ಇಷ್ಟು ಬೇಗ ಹಬ್ಬಿತೇ ಎಂದು ಸಂಗಯ್ಯನವರಿಗೆ ಖುಷಿಯಾಯಿತು. "ಹೌದಪಾ, ಐದು. ಯಾವಾಗಲೂ ಐದ ಇರತಾರ, ಕಡಿಮಿ ಆಗಂಗಿಲ್ಲ."

"ಯಾವಾಗಲೂ?"

"ಒಬ್ಬರು ಹೋದ್ರ ಇನ್ನೊಬ್ಬರು. ಇದರಾಗ ದೊಡ್ಡವರು ಸಣ್ಣವರು ಅಂತ ಇಲ್ಲ. ಪಾಳಿ ಪ್ರಕಾರ ವಿಚಾರ ಮಾಡತೇವಿ. ಸಾಹೇಬ್ರ ಐಡಿಯಾ ಇದು."

ಸಂಗಯ್ಯನ ಮಗಳ ಮದುವೆಯಲ್ಲಿ ಜಾಫರಸಾಬರೂ ಕೈ ಹಾಕಿದ್ದಾರೆ ಎಂದು ಅಲ್ಲಿದ್ದ ನಾಲ್ವರಿಗೂ ಆಗ ಖಾತ್ರಿಯಾಯಿತು.

ಶುಕ್ರವಾರ ಸಂಜೆ ಮನೆಗೆ ಬಂದರೆ ಹೆಂಡತಿ ಶಿವಬಸವ್ವ ಬಾಗಿಲಲ್ಲೇ ನಿಂತಿದ್ದರು. ಪಕ್ಕದ ಮನೆಯ ದಸ್ತಗೀರಬಿ, ಸೀರೆಗೆ ನೂಲು ಸುತ್ತುವವಳು, ರಾಟಿ ಬಿಟ್ಟು ಬಂದು ಕಟ್ಟೆಯ ಮೇಲೆ ಕೂತಿದ್ದಳು.

"ಆ ಐದು ಮಂದಿ ಯಾರ್ರಿ?" ಎಂದರು ಶಿವಬಸವ್ವ.

"ಯಾರೂ ಇಲ್ಲ. ಸುಮ್ಮನ ಹೇಳೋದದು."

"ಸುಮ್ಮನ ಹೇಳೋದಾ? ಮಗಳ ಮದವಿ ಮಾತಿನ್ಯಾಗ ಸುಮ್ಮನ ಹೇಳತಾರೇನ್ರಿ?"

"ಇದರಾಗ ಮಗಳು ಎಲ್ಲಿಂದ ಬಂದ್ಲು?"

ದಸ್ತಗೀರಬಿ ಬಿಡಿಸಿ ಹೇಳಿದಳು. "ಅಣ್ಣಾರ, ಹುನಗುಂದದಾಗ ಭಾಳ ಸಿಟ್ಟಾಗ್ಯಾರಂತ. ನಮ್ಮ ಮಗಳನ್ನ ಅಲ್ಲೇ ಕೊಟ್ಟೈತಲ್ರಿ, ಅಕಿ ಹೇಳಿದ್ಲು. ನೇತ್ರಾಗ ಐದು ವರಾ ಬಂದಾವ, ನೀವು ಆರನೇದವರು, ಸುಮ್ಮನ ನಿಂದರ್ರಿ ಅಂತ ನೀವ ಹೇಳಿದ್ರಂತ. ಹುಡುಗನ ಬಣ್ಣ ಬ್ಯಾರೆ ಕೇಳಿದ್ರಂತ."

"ನಾ ಯಾರ ಕೂಡಾನೂ ಮಾತಾಡಿಲ್ಲವಾ! ಫೋನ ಬಂದಿಲ್ಲ!"

ನೇತ್ರಾ ದವಾಖಾನೆಯೊಂದರಲ್ಲಿ ರಕ್ತ ತಪಾಸಣೆ ಮಾಡುವವಳು. ಯಾವುದನ್ನೂ ಪರೀಕ್ಷೆ ಮಾಡದೆ ನಂಬುವ ಜಾತಿಯಲ್ಲ. ಒಳಗಿನಿಂದ ಬಂದಳು, ಅಪ್ಪನ ಕಾರ್ಡು ತೆಗೆದಳು, ಮೊಬೈಲಿನಲ್ಲಿ ನಂಬರು ಒತ್ತಿ ದನಿ ಜೋರು ಮಾಡಿ ಕಟ್ಟೆಯ ಮೇಲಿಟ್ಟಳು. ಸಂಗಯ್ಯನವರ ಮನೆಯಲ್ಲಿ, ಸಂಗಯ್ಯನವರ ಎದುರಿಗೇ, ಸಂಗಯ್ಯನವರ ದನಿ ಎಲ್ಲರನ್ನೂ ಆದರದಿಂದ ಸ್ವಾಗತಿಸಿತು. 'ಕೌಟುಂಬಿಕ ವಿಷಯಕ್ಕೆ ಆರನ್ನು ಒತ್ತಿ' ಎಂದಾಗ ನೇತ್ರಾ ಆರನ್ನು ಒತ್ತಿದಳು.

'ತಮಗಿಂತ ಮೊದಲು ಐವರು ಸರದಿಯಲ್ಲಿದ್ದಾರೆ' ಎಂದಿತು. 'ಬಣ್ಣ ಮತ್ತು ಅಳತೆ' ಎಂದಿತು. 'ಒಮ್ಮೆ ಒಯ್ದ ಮಾಲನ್ನು' ಎನ್ನುವಷ್ಟರಲ್ಲಿ ದಸ್ತಗೀರಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ದುಃಖವೋ ತಿಳಿಯಲಿಲ್ಲ.

"ಇಪ್ಪತ್ತಾರು ವರ್ಷ ಸಂಸಾರ ಮಾಡೇನಿ. ಒಂದ ದಿನಾ ನನಗ 'ತಾವು' ಅಂದಿಲ್ಲ ಈ ಬಾಯಿ" ಎಂದರು ಶಿವಬಸವ್ವ. "ಮಗಳನ್ನ ಮಾಲು ಅನ್ನೋ ಮುಂದ ಮಾತ್ರ ಎಷ್ಟು ನಯಾ ನೋಡು."

ನೇತ್ರಾ ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಅಪ್ಪಾ, ಅವರು ಪೀಂ ಆದ ಮ್ಯಾಲೆ ಏನರ ಹೇಳಿರಬೇಕು. ಅದನ್ನ ಮೊದಲ ಕೇಳೋಣು" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಸಂಗಯ್ಯನವರಿಗೂ ಅನ್ನ ಇಳಿಯಲಿಲ್ಲ. ಹುಡುಗನನ್ನು ಮಗಳು ಒಪ್ಪಿದ್ದಳೆಂಬುದು ಅವರಿಗೆ ತಿಳಿದದ್ದೇ ಆಗ.

ಶನಿವಾರ ಬಾಗಲಕೋಟೆಯ ಬಸ್ಸಿನಿಂದ ಇಳಿದ ಸಾಜಿಯಾಳನ್ನು ಸಂಗಯ್ಯನವರು ಮನೆಗೆ ಹೋಗಲು ಬಿಡದೆ ನೇರ ಕಾರ್ಖಾನೆಗೆ ಕರೆತಂದರು. ನೇತ್ರಾ ಮೊದಲೇ ಬಂದು ಕೂತಿದ್ದಳು. ಪೆಟ್ಟಿಗೆಯ ಮೇಲಿನ ಕರವಸ್ತ್ರವನ್ನು ಸಾಜಿಯಾ ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ತನ್ನ ಮೊಬೈಲನ್ನೇ ತೆಗೆದು, "ಬಾಕ್ಸ್ ಅಂದ್ರ ಇದರಾಗ ಇರತೈತಿ ಕಾಕಾ" ಎಂದಳು. ನಲವತ್ತೊಂದು ಮೆಸೇಜು ಇದ್ದವು. ಜಾಫರಸಾಬರು ಯಂತ್ರಗಳನ್ನು ನಿಲ್ಲಿಸಲು ಹೇಳಿದರು.

ಇಪ್ಪತ್ತೆಂಟರಲ್ಲಿ ಬರೀ ಹಲೋ ಹಲೋ. ನಾಲ್ಕರಲ್ಲಿ ಬಂಡೆಪ್ಪ ಯೋಗಕ್ಷೇಮ ವಿಚಾರಿಸಿದ್ದ. ಉಳಿದವುಗಳಲ್ಲಿ ಗಿರಾಕಿಗಳು, ಲಾರಿಯವರು, ತಪ್ಪಿ ಒತ್ತಿದವರು. ಬುಧವಾರ ಹನ್ನೊಂದು ಇಪ್ಪತ್ತರದ್ದು ಬಂದಾಗ ಮೊದಲು ಒಂದು ಕೆಮ್ಮು ಕೇಳಿಸಿತು.

"ನಾನು ಹುನಗುಂದದಿಂದ ಮಹಾಂತಯ್ಯ, ನಿವೃತ್ತ ಶಿರಸ್ತೇದಾರ..." ಆಮೇಲೆ ಹಿಂದಿನಿಂದ ಒಂದು ಮುದಿ ಹೆಂಗಸಿನ ದನಿ: "ಏನಂದ್ರು?"

"ನಮ್ಮ ಮುಂದ ಐದು ಮಂದಿ ಅದಾರಂತ, ಅಕ್ಕಾ."

"ಐದು ವರಾ! ಐತವಾರ ಉಪ್ಪಿಟ್ಟು ತಿನಿಸೋ ಮುಂದ ಒಂದರ ಸುದ್ದೀನೂ ಹೇಳಲಿಲ್ಲಲ್ಲೋ!"

"ಬಣ್ಣ ಕೇಳಾಕತ್ತಾರ. ಅಳತೀನೂ ಬೇಕಂತ."

"ಯಾರದು, ಸಂತೋಷಂದಾ? ಎರಡು ತಾಸು ಎದುರಿಗೆ ಕುಂತಿದ್ನಲ್ಲ, ಆವಾಗ ಕಣ್ಣು ಎಲ್ಲಿಟ್ಟಿದ್ರು?"

"ಒಯ್ದ ಮ್ಯಾಲೆ ವಾಪಸ್ ತಗೊಳ್ಳಂಗಿಲ್ಲಂತ."

"ಅಯ್ಯ ಶಿವನ!"

ಮತ್ತೆ ಕೆಮ್ಮು. ಮಹಾಂತಯ್ಯನವರ ದನಿ ಕೋರ್ಟಿನ ದನಿಯಾಯಿತು. "ಸಂಗಯ್ಯನವರ, ದಾಖಲು ಮಾಡ್ಕೋರಿ. ಹುಡುಗಿ ನಮಗ ಒಪ್ಪಿಗಿ ಐತಿ ಅಂತ ಹೇಳಾಕ ಫೋನ್ ಮಾಡಿದ್ವಿ. ನಮ್ಮ ಮನಿತನ ಯಾರ ಬಾಗಿಲದಾಗೂ ಆರನೇ ನಂಬರಿಗೆ ನಿಂತಿಲ್ಲ. ಆದಕಾರಣ ಸದರಿ ಒಪ್ಪಿಗಿ ಹಿಂದಕ್ಕ ತಗೊಂಡೇವಿ."

ಜಾಫರಸಾಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಆ ಐದು ನಂದು, ಅಯ್ನೋರ" ಎಂದರು ಸಣ್ಣ ದನಿಯಲ್ಲಿ.

ಸಾಜಿಯಾ ನಡುವಿನವನ್ನು ದಾಟಿಸಿ ಇನ್ನೊಂದನ್ನು ಹಚ್ಚಿದಳು. ಗುರುವಾರ ಮಧ್ಯಾಹ್ನದ್ದು. ಹಿಂದೆ ಗಾಳಿ, ಯಾವುದೋ ಹೊಲದಲ್ಲಿ ನಿಂತು ಮಾತಾಡಿದ ಹಾಗಿತ್ತು.

"ನಮಸ್ಕಾರ್ರಿ. ನಾನು ಸಂತೋಷಕುಮಾರ, ಊರು ಹುನಗುಂದ, ಸದ್ಯ ಬಾದಾಮಿ. ಬಣ್ಣ ಗೋಧಿ. ಅಳತಿ ಐದು ಅಡಿ ಏಳು ಇಂಚು, ಸರ್ವೇ ಟೇಪಿಲೆ ಹಿಡಿದು ನೋಡೇನಿ, ಹೆಚ್ಚುಕಡಿಮಿ ಇಲ್ಲ. ಮನ್ಯಾಗ ಸಿಟ್ಟಾಗ್ಯಾರ. ನನಗ ಸಿಟ್ಟಿಲ್ಲ. ಆರನೇ ನಂಬರ್ ಆದರೂ ನಡೀತೈತಿ, ನಾ ಕಾಯ್ತೇನಿ." ಸ್ವಲ್ಪ ಹೊತ್ತು ಬರೀ ಗಾಳಿ. "ವಾಪಸ್ ಕಳಸೋ ವಿಚಾರ ನಮ್ಮ ಕಡಿಂದ ಇಲ್ರಿ."

ನೇತ್ರಾ ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತಳು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಕಲ್ಲಿನ ಕೆಸರಿತ್ತು. ಸಾಜಿಯಾ ಏನೂ ಕೇಳದೆ ಆ ಮೆಸೇಜು ಬಂದ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಗಿಟ್ಟಳು. ಆಮೇಲೆ, "ಈಗ ಆ ಐದು ಮಂದೀನ ಅಳಿಸತೇನಿ" ಎಂದಳು.

"ತಡಿ ಬೇಟಿ" ಎಂದರು ಸಾಹೇಬರು. "ಕೋರ್ಟಿನ ಮಂದಿ ಕಡೆ ಹೊಂಟೇವಿ, ಸಾಕ್ಷಿ ಬೇಕು."

ಭಾನುವಾರ ಮುಂಜಾನೆ ಜಾಫರಸಾಬರು ಸಂಗಯ್ಯನವರನ್ನು ಕಾರಿನಲ್ಲಿ ಕೂರಿಸಿಕೊಂಡು ಹುನಗುಂದಕ್ಕೆ ಹೋದರು. ಮಹಾಂತಯ್ಯನವರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ತೊಡೆಯ ಮೇಲೆ ಡೈರಿ. ಅಕ್ಕ ಒಳಬಾಗಿಲಲ್ಲಿ. ಚಹ ಕೊಟ್ಟರು, ಆದರೆ ಬರ್ರಿ ಅನ್ನಲಿಲ್ಲ.

"ಬೀಗರ..." ಎಂದರು ಸಂಗಯ್ಯನವರು.

"ಆ ಶಬ್ದ ಇನ್ನೂ ತೀರ್ಮಾನ ಆಗಿಲ್ಲ."

"ಮಾತಾಡಿದ್ದು ನಾ ಅಲ್ರಿ, ಯಂತ್ರ."

"ದನಿ ನಿಮ್ಮದು. ನಾ ಗುರುತು ಹಿಡದೇನಿ."

ಜಾಫರಸಾಬರು ಕೈಮುಗಿದು, "ಸಾಹೇಬ್ರ, ಈಗ ಫೋನ್ ಮಾಡಿ ನೋಡ್ರಿ. ಇವರು ನಿಮ್ಮ ಎದುರಿಗೇ ಕುಂತಾರ" ಎಂದರು. ಮಹಾಂತಯ್ಯನವರು ಕನ್ನಡಕ ಹಾಕಿಕೊಂಡು ನಂಬರು ಒತ್ತಿದರು. ಒಂದು ಕಣ್ಣು ಫೋನಿನ ಮೇಲೆ, ಒಂದು ಕಣ್ಣು ಸಂಗಯ್ಯನವರ ತುಟಿಯ ಮೇಲೆ. ಫೋನು ಮಾತಾಡಿತು. ಸಂಗಯ್ಯನವರು ಬಾಯ್ತುಂಬ ಚಹ ತುಂಬಿಕೊಂಡು, ನುಂಗದೆ, ಕೆನ್ನೆ ಉಬ್ಬಿಸಿ ಕೂತಿದ್ದರು. ಆರನ್ನು ಒತ್ತಿದಾಗ ಐವರು ಸರದಿಯಲ್ಲಿದ್ದಾರೆಂದು ಬಂತು.

ಮಹಾಂತಯ್ಯನವರು ಡೈರಿ ತೆರೆದರು. "ಬುಧವಾರ ಐದು. ಇವತ್ತೂ ಐದು. ನಾಕು ದಿನದಾಗ ಒಬ್ಬಾಂವನೂ ಮುಂದ ಸರಿದಿಲ್ಲ?"

"ಇದ್ರ ಸರಿಯೋದ್ರಿ" ಎಂದರು ಜಾಫರಸಾಬರು. "ಒಬ್ಬರೂ ಇಲ್ಲ. ದೊಡ್ಡವರಾಗಿ ಕಾಣಬೇಕಂತ ನಾ ಹೇಳಿ ಹಾಕಿಸಿದ್ದು. ನನ್ನ ಕಲ್ಲು ಕೇಳಾಕೂ ಯಾರೂ ನಿಂತಿಲ್ಲ ನೋಡ್ರಿ. ಈ ವಾರ ಒಂದ ಗಿರಾಕಿ ಫೋನೂ ಎತ್ತಿಲ್ಲ."

ಒಳಬಾಗಿಲಿನಿಂದ ಅಕ್ಕ, "ಮತ್ತ ಬಣ್ಣಾ?" ಎಂದರು.

ಸಂಗಯ್ಯನವರು ಕಡೆಗೂ ಚಹ ನುಂಗಿದರು. "ಕಲ್ಲಿಂದ್ರಿ ಅವ್ವಾರ. ಕೆಂಪೋ ಕರಿಯೋ ಅಂತ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮಹಾಂತಯ್ಯನವರು ನಗಲಿಲ್ಲ. ಮೂವತ್ತು ವರ್ಷ ಕಡತ ನೋಡಿದವರು ಅವರು. ಒಂದು ಹಿಂತೆಗೆತ ಎಲ್ಲಿ ದಾಖಲಾಗಿದೆಯೋ ಅದರ ರದ್ದತಿಯೂ ಅಲ್ಲೇ ದಾಖಲಾಗಬೇಕು. ಮತ್ತೆ ಫೋನು ಹಚ್ಚಿದರು, ಆರನ್ನು ಒತ್ತಿದರು, ಎಲ್ಲವನ್ನೂ ಕೊನೆಯತನಕ ಕೇಳಿ, ಪೀಂ ಆದ ಮೇಲೆ ಎದ್ದು ನಿಂತು ಹೇಳತೊಡಗಿದರು. "ನಾನು ಮಹಾಂತಯ್ಯ, ನಿವೃತ್ತ ಶಿರಸ್ತೇದಾರ. ಬುಧವಾರ ಹನ್ನೊಂದು ಇಪ್ಪತ್ತಕ್ಕ ಹಿಂದಕ್ಕ ತಗೊಂಡ ನಮ್ಮ ಒಪ್ಪಿಗಿ..."

"ಬೀಗರ, ನಾ ಇಲ್ಲೇ ಅದೇನ್ರಿ, ನನಗ..." ಎಂದು ಸಂಗಯ್ಯನವರು ಏಳಹೋದರು.

ಮಹಾಂತಯ್ಯನವರು ಕೈಯೆತ್ತಿ ತಡೆದರು. "ಸುಮ್ಮ ಕೂಡ್ರಿ. ದಾಖಲಾಗಾಕತ್ತೈತಿ."

ಮಧ್ಯಾಹ್ನ ಸಂಗಯ್ಯನವರು ಮನೆಗೆ ಬಂದಾಗ ಶಿವಬಸವ್ವ ಬಾಗಿಲಲ್ಲಿ ಕಾಯುತ್ತಿದ್ದರು. ಒಳಗೆ ನೇತ್ರಾ ಮೊಬೈಲಿನಲ್ಲಿ ಮೆಲುದನಿಯಲ್ಲಿ ಯಾರ ಜೊತೆಗೋ ಮಾತಾಡುತ್ತ ನಗುತ್ತಿದ್ದಳು.

"ಏನಾತ್ರಿ? ಒಪ್ಪಿದ್ರೇನು?"

ಸಂಗಯ್ಯನವರು ಚಪ್ಪಲಿ ಬಿಡುತ್ತ ಗಂಭೀರವಾಗಿ ಯೋಚಿಸಿದರು. "ನಾಳಿ ಸಾಜಿಯಾ ಬಂದು ಮೆಸೇಜ್ ತಗದ ಮ್ಯಾಲೆ ಗೊತ್ತಾಗತೈತಿ."

"ಅವರು ಹೇಳೋ ಮುಂದ ನೀವು ಅಲ್ಲಿರಲಿಲ್ಲೇನು?"

"ಎದುರಿಗೇ ಕುಂತಿದ್ದೆ" ಎಂದರು ಸಂಗಯ್ಯನವರು. "ಆದ್ರ ಅವರು ನನಗ ಹೇಳಲಿಲ್ಲ, ಆಫೀಸಿಗೆ ಹೇಳಿದ್ರು."